ಹೊಟ್ಟೆಗೆ ಹಾಕಿಕೊಂಡದ್ದು

ಲಾಕ್‌ಮ್ಯಾಡಿಯ ದೋಣಿಗಟ್ಟೆಯ ಹಿಂದೆ
ಹಿಂದೊಮ್ಮೆ ಉಣ್ಣೆ ತೂಗುತ್ತಿದ್ದ ಕೋಣೆ, ಈಗ ನಮ್ಮದು.
ಒಂದು ಮೇಜು, ಒಂದು ದೀಪ,
ಮಂಜುಗಡ್ಡೆಯ ಡಬ್ಬಿಯಲ್ಲಿ ಬೆರಳುದ್ದದ ಮೀನುಗಳು.
ಬೆನ್ನ ಮೇಲೆ ಮೂರು ಮುಳ್ಳು,
ಬರಿಗೈಲಿ ಹಿಡಿಯಲು ಇಲ್ಲಿಯ ಹುಡುಗರೂ ಅಂಜುತ್ತಾರೆ.

ಬೆಳಿಗ್ಗೆ ಐದಕ್ಕೆ ಟಾರ್ಕ್ವಿಲ್ ಬಲೆ ಎತ್ತುತ್ತಾನೆ.
ಕೆರೆಗೆ ಎರಡನೇ ಸಲ ಸೋಸಿದ ಡಿಕಾಕ್ಷನ್ನಿನ ಬಣ್ಣ;
ಜವುಗುಮಣ್ಣಿನ ನೀರು, ಕುಡಿದರೆ ಏನೂ ಆಗದು ಎನ್ನುತ್ತಾನೆ.
ತಾನು ಮಾತ್ರ ಕುಡಿಯುವುದಿಲ್ಲ.

ನನ್ನ ಕೆಲಸ ಸಣ್ಣದು.
ಕತ್ತರಿಯ ತುದಿಯಿಂದ ಹೊಟ್ಟೆ ಸೀಳುವುದು,
ಒದ್ದೆ ನೂಲಿನಂಥ ಕರುಳನ್ನು ಎಳೆದು ಸೀಸೆಗೆ ಹಾಕುವುದು,
ಚೀಟಿ ಬರೆಯುವುದು: ಯಾವ ಕೆರೆ, ಯಾವ ತಾರೀಖು,
ಗಂಡೋ ಹೆಣ್ಣೋ, ಏನು ತಿಂದಿತ್ತು.
ತಳದಲ್ಲಿ ಮೇಯುವವು ಕೆಸರಿನ ಕೆಂಪು ಹುಳ ಹೆಕ್ಕುತ್ತವೆ;
ನಡುನೀರಿನವು ಕಂಡೂ ಕಾಣದ ನೀರುಚಿಗಟಗಳನ್ನು.
ತಿಂದದ್ದಕ್ಕೆ ತಕ್ಕ ಒಕ್ಕಲು ಒಳಗೆ ಬಿಡಾರ ಹೂಡುತ್ತದೆ,
ಎಣಿಸಲಾಗದಷ್ಟು, ಹೆಸರಿಡಲಾಗದಷ್ಟು.
ಒಂದೇ ಕೆರೆ, ಒಂದೇ ಕುಲ;
ಊಟ ಬೇರೆಯಾದರೆ ಕರುಳಿನ ಕೇರಿಯೇ ಬೇರೆ.

ಎಫಿ ಮೆಕಾಸ್ಕಿಲ್, ನಾನಿರುವ ಮನೆಯ ಒಡತಿ,
ಉಪ್ಪು ಹಾಕಿದ ಓಟ್ಸ್ ಗಂಜಿ ಮುಂದಿಟ್ಟು ಕೇಳುತ್ತಾಳೆ:
"ಅಷ್ಟು ದೂರದಿಂದ ಬಂದು ಮೀನಿನ ಹೇಲು ನೋಡುತ್ತೀಯಾ?"
ಹೌದು ಎನ್ನುತ್ತೇನೆ.
ಗಂಜಿಗೆ ಇನ್ನೊಂದು ಚಿಟಿಕೆ ಉಪ್ಪು ಉದುರಿಸುತ್ತೇನೆ.
ಹದಿನಾಲ್ಕು ತಿಂಗಳು ಇದನ್ನೇ ತಿಂದ ಮೇಲೆ
ನನ್ನೊಳಗೂ ಈಗ ಯಾರ್ಯಾರು ಇದ್ದಾರೋ,
ಹಳಬರು ಯಾವಾಗ ಎದ್ದು ಹೋದರೋ,
ಹೇಳಿ ಹೋಗಲಿಲ್ಲ.

ನಲವತ್ತೇಳನೆಯ ಮೀನು.
ಕೈಗೆತ್ತಿಕೊಂಡಾಗಲೇ ತೂಕ ತಪ್ಪಿತ್ತು.
ಬಸುರಿ ಅಂದುಕೊಂಡೆ. ಗಂಡು.
ಸೀಳಿದರೆ ಲಾಡಿಹುಳ, ಬೆಳ್ಳಗೆ,
ಹೆಸರಿಗೆ ತಕ್ಕಂತೆ ಪೈಜಾಮದ ಲಾಡಿಯಷ್ಟಗಲ,
ಮಡಿಸಿ ಮಡಿಸಿ ತುರುಕಿದ ಹಾಗೆ, ಇನ್ನೂ ಮಿಸುಕುತ್ತಿತ್ತು.
ತಕ್ಕಡಿಯಲ್ಲಿ ಹುಳ ಒಂದು ಪಾಲು, ಮೀನು ಒಂದು ಪಾಲು,
ಹೆಚ್ಚುಕಡಿಮೆ ಸಮ.
ಇಂಥ ಮೀನು ಹಸಿದು ಹಸಿದು ಮೇಲಕ್ಕೆ ಬರುತ್ತದೆ,
ಕೊಕ್ಕಿನ ನೆರಳು ಬಿದ್ದರೂ ಸರಿಯುವುದಿಲ್ಲ.
ಹುಳಕ್ಕೆ ಬೇಕಾದದ್ದು ಹಕ್ಕಿ.
ಮೀನು ನಡುವಿನ ಛತ್ರ.

ಆದರೆ ಹುಳ ಮಲಗಿದ್ದು ಎಲ್ಲಿ ಗೊತ್ತೇ?
ಕರುಳಿನೊಳಗಲ್ಲ. ಕರುಳಿನಾಚೆ,
ಹೊಟ್ಟೆಯ ಪೊಳ್ಳಿನಲ್ಲಿ, ಗೋಡೆಗೊರಗಿ,
ಒಳಗಿನ ಒಂದು ಅಗುಳನ್ನೂ ಮುಟ್ಟದೆ.
ಎರಡು ತಿಂಗಳ ಮೇಲೆ ವರದಿ ಬಂತು:
ಒಳಗಿನ ಒಕ್ಕಲೆಲ್ಲ ಅದಲುಬದಲು.
ನಲವತ್ತಾರು ಅದೇ ಬಲೆಯದು, ಅದೇ ಬೆಳಗಿನದು,
ಅದೇ ಊಟ ಉಂಡದ್ದು. ಅದರ ಕೇರಿ ಹಾಗೇ ಇತ್ತು.
ಎರಡು ಮೀನಿನಿಂದ ಏನೂ ಹೇಳಬಾರದು, ಇನ್ನೂರಾದರೂ ಬೇಕು.
ಗೊತ್ತು. ಆದರೂ ಆ ಹಾಳೆ ಮಡಿಚಿ ಜೇಬಿಗಿಟ್ಟುಕೊಂಡೆ.

ಏಳು ವರ್ಷದ ಹಿಂದೆ ವಾರಿಜ ಬರೆದಿದ್ದಳು,
ಒಂದೇ ಸಾಲು:
ಹೊಟ್ಟೆಗೆ ಹಾಕಿಕೋ, ಅಕ್ಕ.
ಅಮ್ಮನ ಬಳೆಗಳ ಮಾತು. ಈಗೇಕೆ ಬಿಡಿ.
ಎಫಿಗೆ ಅದನ್ನು ಅವಳ ಮಾತಿನಲ್ಲಿ ಬಿಡಿಸಿ ಹೇಳಿದರೆ
ತಟ್ಟೆ ತೊಳೆಯುತ್ತ ನಕ್ಕಳು:
"ಅದೇನು, ತಿಂಡಿಯೇ?"
ಕ್ಷಮಿಸು ಅಂತ, ಅಂದೆ.
ನಲ್ಲಿ ನಿಲ್ಲಿಸಿದಳು. "ಮತ್ತೆ, ಹಾಕಿಕೊಂಡೆಯಾ?"

ಹಾಕಿಕೊಂಡೆ ಎಂದೇ ಬರೆದಿದ್ದೆ ಅವಳಿಗೆ.
ಎಲ್ಲಿ ಅಂತ ಅವಳು ಕೇಳಲಿಲ್ಲ.
ಕರುಳಿನೊಳಗಾಗಿದ್ದರೆ ಇಷ್ಟರಲ್ಲಿ ಅರಗಬೇಕಿತ್ತು.

ಕೆಳಗೆ ಟಾರ್ಕ್ವಿಲ್ ಬೂಟು ಝಾಡಿಸುವ ಸದ್ದು,
ಇನ್ನೊಂದು ಬಕೆಟ್ಟು ತಂದಿದ್ದಾನೆ.
ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸುತ್ತೇನೆ.
ಹೊಸ ಚೀಟಿ. ಕೆರೆ, ತಾರೀಖು.
ಏನು ತಿಂದಿತ್ತು ಎಂಬಲ್ಲಿಗೆ ಬಂದು
ಪೆನ್ನು ಸ್ವಲ್ಪ ಹೊತ್ತು ನಿಲ್ಲುತ್ತದೆ.